ಒಂದು ಗೇಣು ಮೊದಲು

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಆದ ಎಡವಟ್ಟಿಗೆಲ್ಲ ಅದೇ ಮೂಲ. ಚಿತ್ತಾಪುರದಿಂದ ವಾಡಿಗೆ ದಿನಾ ಪ್ಯಾಸೆಂಜರ್ ಗಾಡಿಯಲ್ಲಿ ಓಡಾಡುತ್ತೇನೆ. ಗಾಡಿ ತಡವಾದರೆ ರೈಲ್ವೆಯವರ ಮೇಲೆ ಸಿಟ್ಟು, ಹೊತ್ತಿಗೆ ಸರಿಯಾಗಿ ಬಂದರೆ ಚಹಾ ಅರ್ಧಕ್ಕೆ ಬಿಟ್ಟು ಓಡಬೇಕಾಯಿತಲ್ಲ ಎಂದು ಸಿಟ್ಟು. ವಾಡಿಯ ಹೊರಗಿರುವ ಒಂದು ಖಾಸಗಿ ಡಿಪ್ಲೊಮಾ ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಲ್ಯಾಬಿನ ಇನ್‌ಸ್ಟ್ರಕ್ಟರ್. ಹೆಸರು ದೇವಾನಂದ. ವಿದ್ಯಾರ್ಥಿಗಳು ಬೆನ್ನ ಹಿಂದೆ ಬೇರೆ ಹೆಸರಿನಿಂದ ಕರೆಯುತ್ತಾರೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಈ ಸಿಟ್ಟಿಗೆ ಕವಡೆ ಕಿಮ್ಮತ್ತೂ ಕೊಡದ ಮನುಷ್ಯರು ಇಡೀ ಕಾಲೇಜಿನಲ್ಲಿ ಒಬ್ಬರೇ, ನಮ್ಮ ಲ್ಯಾಬಿನ ಅಟೆಂಡರ್ ಸಾಬಮ್ಮ. ಆಕೆಗೆ ನಲವತ್ತೇಳು ವರ್ಷ, ಊರು ಹತ್ತಿರದ ರಾವೂರ. ಹನ್ನೊಂದು ವರ್ಷದಿಂದ ಬೆಳಿಗ್ಗೆ ಲ್ಯಾಬಿನ ಬೀಗ ತೆಗೆಯುವುದು, ಇಪ್ಪತ್ತು ಕಂಪ್ಯೂಟರುಗಳ ಮೇಲೆ ಕೂತ, ಊರಿನ ಕಾರ್ಖಾನೆಯ ಸಿಮೆಂಟಿನ ಧೂಳು ಒರೆಸುವುದು, ಆಮೇಲೆ ಬಾಗಿಲ ಹೊರಗೆ ಸ್ಟೂಲಿನ ಮೇಲೆ ಕೂತು ಕರೆದಾಗ ಒಳಗೆ ಬರುವುದು ಆಕೆಯ ಕೆಲಸ. ಬಲಗಣ್ಣು ಇಲ್ಲ. ಹರೆಯದಲ್ಲಿ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಗಣಿಯಲ್ಲಿ ದುಡಿಯುವಾಗ ಚೂರು ಸಿಡಿದು ಹೋಯಿತೆಂದಷ್ಟೇ ನನಗೆ ಗೊತ್ತಿತ್ತು. ಎಡಗಣ್ಣಿಗೆ ದಪ್ಪ ಗಾಜಿನ ಕನ್ನಡಕ.

ಮೂರು ವರ್ಷದ ಹಿಂದೆ ಒಂದು ದಿನ ಒಬ್ಬ ವಿದ್ಯಾರ್ಥಿಯ ಪ್ರೋಗ್ರಾಮು ಶುರುವಾದದ್ದು ನಿಲ್ಲಲೇ ಇಲ್ಲ. ಪರದೆಯ ತುಂಬ ಅಂಕಿಗಳು ಸುರಿಯುತ್ತಿದ್ದವು. ನಾನು ಎಂದಿನಂತೆ ಕೂಗಾಡುತ್ತಿದ್ದೆ. ನೆಲ ಒರೆಸುತ್ತಿದ್ದ ಸಾಬಮ್ಮ ತಲೆಯೆತ್ತದೆ ಹೇಳಿದಳು:

"ಸರ, ಅದಕ್ಕ ಎಲ್ಲಿ ನಿಂದ್ರಬೇಕಂತ ಯಾರೂ ಹೇಳೇ ಇಲ್ಲ. ತಿರಗ್ಲಿಕತ್ತದ ಪಾಪ. ನೀವು ಎಷ್ಟ ಬೈದ್ರೂ ಅದಕ್ಕ ಕಿವಿ ಇಲ್ಲ."

ಹೋಗಿ ನೋಡಿದರೆ ಹಾಗೇ ಇತ್ತು. ಹೊರಗಿನ ಸ್ಟೂಲಿನ ಮೇಲೆ ಕೂತು ನನ್ನ ಪಾಠವನ್ನು ಎಂಟು ವರ್ಷ ಕೇಳಿ ಕೇಳಿ ಆಕೆ ಸಿ ಭಾಷೆ ಕಲಿತುಬಿಟ್ಟಿದ್ದಳು. ನನಗೆ ಮೊದಲು ಸಿಟ್ಟು ಬಂತು, ನಾನು ಗಂಟಲು ಹರಕೊಂಡು ಕಲಿಸಿದವರಿಗೆ ಬರುವುದಿಲ್ಲ, ಕಲಿಸದವರಿಗೆ ಬರುತ್ತದಲ್ಲ ಎಂದು. ಆಮೇಲೆ ಎಷ್ಟು ಸಂತೋಷವಾಯಿತೆಂದರೆ ಅವತ್ತೇ ಪ್ರಿನ್ಸಿಪಾಲ್ ದೇವೀಂದ್ರಪ್ಪನವರ ಕೋಣೆಗೆ ಹೋಗಿ, ಸಂಜೆ ನಾಲ್ಕರ ಮೇಲೆ ನಡೆಯುವ ಪ್ರೋಗ್ರಾಮಿಂಗ್ ಸರ್ಟಿಫಿಕೇಟ್ ಕೋರ್ಸಿಗೆ ಆಕೆಯ ಹೆಸರು ಬರೆಸಿ ಬಂದೆ.

ಅದಕ್ಕೆ ಕಾರಣ ಇತ್ತು. ಲ್ಯಾಬ್ ಸಹಾಯಕರ ಹುದ್ದೆ ಖಾಲಿ ಬಿದ್ದಿತ್ತು. ಆ ಕೆಲಸವನ್ನೆಲ್ಲ ಮಾಡುತ್ತಿದ್ದವಳು ಸಾಬಮ್ಮನೇ, ಆದರೆ ಒಳಗಿನ ಕುರ್ಚಿ ಮಾತ್ರ ಆಕೆಯದಲ್ಲ. ಆ ಸರ್ಟಿಫಿಕೇಟ್ ಪರೀಕ್ಷೆ ಪಾಸಾದರೆ ಹುದ್ದೆ ಆಕೆಗೇ ಎಂದು ಆಡಳಿತ ಮಂಡಳಿ ಒಪ್ಪಿಕೊಂಡಿತು. ಜೊತೆಗೆ ಒಂದು ಷರತ್ತು: ಮೂರೇ ಅವಕಾಶ. ಮೂರರಲ್ಲಿ ಆಗದಿದ್ದರೆ ಹೊರಗಿನವರನ್ನು ತೆಗೆದುಕೊಳ್ಳುತ್ತಾರೆ.

ಸಾಬಮ್ಮ ಎರಡು ಸಲ ಫೇಲಾದಳು.

ತಲೆ ಇಲ್ಲದೆ ಅಲ್ಲ. ಕಾಗದದ ಮೇಲೆ ಆಕೆಯ ಪ್ರೋಗ್ರಾಮು ನನ್ನದಕ್ಕಿಂತ ಚೊಕ್ಕ. ತೊಂದರೆ ಕಣ್ಣಿನದು. ಪ್ರೋಗ್ರಾಮನ್ನು ಓದಿ, ತಪ್ಪಿದ್ದರೆ ಇಂಥ ಸಾಲಿನಲ್ಲಿ ತಪ್ಪಿದೆ ಎಂದು ತಿಳಿಸುವ ತಂತ್ರಾಂಶಕ್ಕೆ ಕಂಪೈಲರ್ ಎನ್ನುತ್ತಾರೆ. ನಮ್ಮ ಲ್ಯಾಬಿನ ಹಳೆಯ ಯಂತ್ರಗಳಲ್ಲಿ ನಾವು ಬರೆಯುವುದು ಎಡಿಟರ್ ಎಂಬ ಒಂದು ಕಿಟಕಿಯಲ್ಲಿ, ಕಂಪೈಲರ್ ತಪ್ಪು ಹೇಳುವುದು ಇನ್ನೊಂದು ಕಪ್ಪು ಕಿಟಕಿಯಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ. ಎಡಿಟರಿನಲ್ಲಿ ಸಾಬಮ್ಮ ಅಕ್ಷರ ದೊಡ್ಡದು ಮಾಡಿಕೊಂಡರೆ ಪರದೆಗೆ ಹತ್ತೇ ಸಾಲು ಹಿಡಿಯುತ್ತದೆ. ಕಪ್ಪು ಕಿಟಕಿಗೆ ಭೂತಗನ್ನಡಿ ಹಿಡಿದು ಮೂವತ್ತೇಳನೇ ಸಾಲು ಎಂದು ಓದಬೇಕು, ಎಡಿಟರಿಗೆ ಬಂದು ಮೇಲಿನಿಂದ ಒಂದೊಂದೇ ಸಾಲು ಎಣಿಸುತ್ತ ಇಳಿಯಬೇಕು. ಅಂಚಿನಲ್ಲಿ ಸಾಲಿನ ಸಂಖ್ಯೆ ತೋರಿಸುವಷ್ಟು ಬುದ್ಧಿ ಆ ಎಡಿಟರಿಗೆ ಇರಲಿಲ್ಲ. ನಡುವೆ ಎಣಿಕೆ ತಪ್ಪಿದರೆ ಮತ್ತೆ ಮೊದಲಿನಿಂದ. ಎರಡನೇ ಪರೀಕ್ಷೆಯಲ್ಲಿ ಮೂರು ಸಣ್ಣ ತಪ್ಪು ಹುಡುಕಲಿಕ್ಕೆ ನಲವತ್ತು ನಿಮಿಷ ಹೋಯಿತು. ನಾಲ್ಕನೆಯದು ಸಿಗುವ ಮೊದಲು ಗಂಟೆ ಹೊಡೆಯಿತು.

ಅವತ್ತು ಆಕೆ ಹೊರಗೆ ಬಂದು ಸ್ಟೂಲಿನ ಮೇಲೆ ಕೂತು ಕನ್ನಡಕ ಒರೆಸಿಕೊಂಡಳು, ಅಷ್ಟೇ. "ಸೀದಾ ಇಲ್ಲಿಗೇ ಬಂದು ಕುಂತೆ ನೋಡ್ರಿ, ಇದೇ ನನ ಜಾಗಾ" ಎಂದು ನಕ್ಕಳು. ಆ ನಗು ನನಗೆ ತಡೆಯಲಾಗಲಿಲ್ಲ. ಲ್ಯಾಬಿನ ಒಳಗೆ ಹೋಗಿ ಒಂದು ಕಂಪ್ಯೂಟರಿಗೆ ಬಾಯಿಗೆ ಬಂದಂತೆ ಬೈದೆ. ಬೈಯುವಾಗಲೇ ಹೊಳೆಯಿತು. ಸಾಲಿನ ಸಂಖ್ಯೆ ಕಂಪೈಲರಿನ ಸಂದೇಶದಲ್ಲೇ ಇದೆ. ಅದನ್ನು ಎಡಿಟರ್ ತಾನೇ ಓದಿಕೊಂಡು ಆ ಸಾಲಿಗೆ ಹೋಗಿ ನಿಲ್ಲಬಹುದಲ್ಲ? ಎಣಿಸುವ ಕೂಲಿ ಮನುಷ್ಯರಿಗೆ ಯಾಕೆ?

ಮರುದಿನದಿಂದ ಸಂಜೆ ನಾಲ್ಕರ ಮೇಲೆ ಅದೇ ಕೆಲಸ. ಎಡಿಟರಿಗೆ ಸಣ್ಣ ಸಣ್ಣ ಆಜ್ಞೆಗಳನ್ನು ಬರೆದು ಹೊಸ ಅಭ್ಯಾಸ ಕಲಿಸಬಹುದಿತ್ತು. ಕಂಪೈಲರಿನ ಸಂದೇಶ ಒಂದೇ ಅಚ್ಚಿನಲ್ಲಿ ಬರುತ್ತದೆ. ಮೊದಲು ಕಡತದ ಹೆಸರು, ಆಮೇಲೆ ಎರಡು ಚುಕ್ಕಿ, ಆಮೇಲೆ ಸಾಲಿನ ಸಂಖ್ಯೆ, ಮತ್ತೆ ಎರಡು ಚುಕ್ಕಿ, ಆಮೇಲೆ ತಪ್ಪೇನೆಂಬ ಇಂಗ್ಲಿಷ್ ಗೊಣಗಾಟ. ಎರಡು ಚುಕ್ಕಿ ಕಂಡಲ್ಲಿ ಹೆಸರು ಮುಗಿಯಿತು, ಮುಂದಿನದು ಸಂಖ್ಯೆ ಎಂದು ಎಡಿಟರಿಗೆ ಹೇಳಿಕೊಟ್ಟೆ. ಎಫ್8 ಕೀ ಒತ್ತಿದರೆ ಕಂಪೈಲರ್ ಓಡಿ, ಸಂದೇಶ ಎಡಿಟರಿನ ಕೆಳಗಿನ ಸಣ್ಣ ಪಟ್ಟಿಯಲ್ಲಿ ಬಂದು, ಕರ್ಸರ್ ಆ ಸಾಲಿಗೆ ಜಿಗಿಯಬೇಕು.

ಜಿಗಿಯಲಿಲ್ಲ. ಎರಡು ದಿನ ಕಲ್ಲಿನಂತೆ ಕೂತಿತ್ತು. ಮೂರನೇ ದಿನ ಗೊತ್ತಾಯಿತು, ನಮ್ಮ ಕಡತಗಳೆಲ್ಲ ಡಿ ಡ್ರೈವಿನಲ್ಲಿ ಇರುವುದರಿಂದ ವಿಳಾಸ ಶುರುವಾಗುವುದೇ ಡಿ ಅಕ್ಷರ ಮತ್ತು ಎರಡು ಚುಕ್ಕಿಯಿಂದ. ಎಡಿಟರ್ ಪಾಪ, ಕಡತದ ಹೆಸರು ‘ಡಿ’ ಎಂದು ತಿಳಿದು ಅದನ್ನು ಹುಡುಕುತ್ತಿತ್ತು. ನಾನು ಮೇಜು ಗುದ್ದಿದೆ. ಚಹಾ ತಂದಿಟ್ಟ ಸಾಬಮ್ಮ ಪರದೆಗೆ ಮುಖ ಹಚ್ಚಿ ನೋಡಿದಳು.

"ಊರಿನ ಹೆಸರು ಯಾವ್ದು, ಮನಶ್ಯಾನ ಹೆಸರು ಯಾವ್ದು, ಅದಕ್ಕ ತಿಳಿವಲ್ದು. ನಮ್ಮೂರಿಗೆ ಹೊಸಾ ಪೋಸ್ಟ್‌ಮ್ಯಾನ್ ಬಂದಾಗ ಹಿಂಗೇ ಆಗಿತ್ತು. ಸಾವಕಾಶ ಹೇಳ್ರಿ ಸರ, ಕಲೀತದ."

ಸಾವಕಾಶ ಹೇಳಿದೆ. ಕಲಿಯಿತು. ಸಾಬಮ್ಮನ ಒಂದು ಹಳೆಯ ಪ್ರೋಗ್ರಾಮು ತೆರೆದು, ಬೇಕೆಂದೇ ಒಂದು ಹೆಸರು ಕೆಡಿಸಿ, ಎಫ್8 ಒತ್ತಲು ಹೇಳಿದೆ. ಕರ್ಸರ್ ನೇರವಾಗಿ ಆ ಸಾಲಿಗೆ ಹೋಗಿ ಮಿಣುಕತೊಡಗಿತು. ಆಕೆ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಮತ್ತೆ ಮೇಲೆ ಹೋಗಿ ಒತ್ತಿದಳು, ಮತ್ತೆ ಜಿಗಿಯಿತು. ಹೀಗೆ ಹನ್ನೆರಡು ಸಲವಾದರೂ ಒತ್ತಿರಬೇಕು. ನನಗೆ ನನ್ನ ಬಗ್ಗೆ ಅಷ್ಟು ಅಭಿಮಾನ ಹಿಂದೆಂದೂ ಬಂದಿರಲಿಲ್ಲ, ಮದುವೆಯ ದಿನವೂ.

ಆ ಅಭಿಮಾನ ನಾಲ್ಕು ದಿನ ಬಾಳಿತು. ಐದನೇ ದಿನ ಆಕೆ ಕರೆದಳು.

"ಸರ, ಇಲ್ಲಿ ಬಂದು ನಿಂತದ. ಆದ್ರ ಈ ಸಾಲಿನಾಗ ತಪ್ಪಿಲ್ಲರಿ. ತಪ್ಪು ಇದರ ಮ್ಯಾಲಿನ ಸಾಲಿನಾಗ ಅದ. ಸೆಮಿಕೋಲನ್ ಬಿಟ್ಟೀನಿ."

ಅದು ಎಲ್ಲರಿಗೂ ಆಗುವುದೇ. ಒಂದು ಸಾಲಿನ ಕೊನೆಯಲ್ಲಿ, ಮಾತು ಮುಗಿಯಿತೆನ್ನುವ ಸೆಮಿಕೋಲನ್ ಗುರುತು ಬಿಟ್ಟುಹೋದರೆ ನಮ್ಮ ಹಳೆಯ ಕಂಪೈಲರಿಗೆ ಆಗಲೇ ತಿಳಿಯುವುದಿಲ್ಲ. ಮುಂದಿನ ಸಾಲಿನ ಮೊದಲ ಪದ ಓದಿದಾಗ ಎಡವಿ, ಎಡವಿದ ಸಾಲಿನ ಸಂಖ್ಯೆ ಹೇಳುತ್ತದೆ. ಇದನ್ನು ವಿವರಿಸಿದೆ.

"ಅಂದ್ರ ತಪ್ಪು ಇದ್ದ ಜಾಗಾ ಬ್ಯಾರೆ, ಗೊತ್ತಾದ ಜಾಗಾ ಬ್ಯಾರೆ" ಎಂದಳು.

"ಒಮ್ಮೊಮ್ಮೆ ಹಂಗ. ಉಳಿದ ತಪ್ಪು ಬರೋಬರಿ ಅದೇ ಸಾಲಿನಾಗೇ ಇರ್ತಾವ."

"ಹಂಗಾದ್ರ ಗುರುತು ಯಾವಾಗ್ಲೂ ಒಂದು ಗೇಣು ಮೊದಲ ಹಾಕ್ರಿ."

ನನಗೆ ಅರ್ಥವಾಗಲಿಲ್ಲ. ಆಕೆ ಕುರ್ಚಿ ನನ್ನ ಕಡೆ ತಿರುಗಿಸಿಕೊಂಡು ಹೇಳತೊಡಗಿದಳು.

"ಖಣಿಯಾಗ ನಾ ಫರ್ಸಿ ಬಡಿದು ನೋಡ್ತಿದ್ದೆ ಸರ. ಸಣ್ಣ ಸುತ್ತಿಗಿಲಿಂದ ಬಡಿದ್ರ ಚಲೋ ಕಲ್ಲು ಖಣ್ ಅಂತದ, ಒಳಗ ಸೀಳಿದ್ದ ಕಲ್ಲು ಬದ್ ಅಂತದ. ಸೀಳು ಸಿಕ್ಕ ಮ್ಯಾಲ ಸುಣ್ಣದ ಗೆರಿ ಎಳೀಬೇಕು. ಆದ್ರ ಸೀಳಿನ ಮ್ಯಾಲ ಎಳಿಯಂಗಿಲ್ಲ, ಒಂದು ಗೇಣು ಮೊದಲ. ಕಡಿಯಾವ ಗೆರಿ ನೋಡಿ ಉಳಿ ಇಡ್ತಾನ. ಉಳಿ ಸೀಳಿನ ಮ್ಯಾಲೇ ಕುಂತ್ರ ಕಲ್ಲು ಸಿಡೀತದ. ಗೆರಿ ಕಂಡ್ರ ಎಲ್ರಿಗೂ ಗೊತ್ತು, ಇಲ್ಲಿಂದ ಮುಂದ ಒಂದು ಗೇಣಿನಾಗ ಸೀಳು ಅದ ಅಂತ. ಮತ್ತ, ಸೀಳು ಅಂಚಿನಾಗೇ ಬಂದ್ರ..."

"ಸಾಕು, ಸಾಕು" ಎಂದೆ. "ಇದು ಕಂಪ್ಯೂಟರ್ ಅಕ್ಕ, ಫರ್ಸಿ ಅಲ್ಲ. ಕಂಪೈಲರ್ ಮೂವತ್ತೇಳು ಅಂದ್ರ ಮೂವತ್ತೇಳಕ್ಕೇ ಹೋಗಬೇಕು. ಮೂವತ್ತಾರಕ್ಕ ಹೋದ್ರ ಅದು ಸುಳ್ಳು. ಬೇಕಾದ್ರ ಸೆಮಿಕೋಲನ್ ತಪ್ಪಿಗಷ್ಟೇ ಒಂದು ಕಳೀತೀನಿ."

"ಒಮ್ಮೆ ಹಂಗ, ಒಮ್ಮೆ ಹಿಂಗ ಆದ್ರ ನಾ ಅದನ್ನ ನಂಬೂದು ಹ್ಯಾಂಗರಿ?"

"ನಂಬದಿದ್ರ ಬಿಡ್ರಿ!"

ದನಿ ಏರಿತು, ಅದು ನನ್ನ ಹಣೆಬರಹ. ಸಾಬಮ್ಮ ಕನ್ನಡಕ ಸರಿಮಾಡಿಕೊಂಡು ಎದ್ದು ಹೋಗಿ ಸ್ಟೂಲಿನ ಮೇಲೆ ಕೂತಳು. ಮರುದಿನ ಚಹಾ ಬಂತು, ಮಾತು ಬರಲಿಲ್ಲ. ಅದರ ಮರುದಿನವೂ ಹಾಗೇ. ನನ್ನ ಸಿಟ್ಟನ್ನು ಲೆಕ್ಕಕ್ಕಿಡದವಳು ಈ ಸಲ ಯಾಕೆ ಇಷ್ಟು ಹಚ್ಚಿಕೊಂಡಳೆಂದು ತಿಳಿಯಲಿಲ್ಲ. ಆಕೆ ಮಾತಾಡದ ಲ್ಯಾಬಿನಲ್ಲಿ ನನಗೆ ಕೆಲಸವೇ ಸಾಗುತ್ತಿರಲಿಲ್ಲ. ಕೂತು ಯೋಚಿಸಿದೆ. ಒಂದು ಸಾಲು ಮೊದಲೇ ನಿಂತರೆ ಕೆಡುವುದೇನು? ತಪ್ಪು ನಿಂತ ಸಾಲಿನಲ್ಲಿರುತ್ತದೆ, ಇಲ್ಲವೇ ಅದರ ಕೆಳಗಿನದರಲ್ಲಿ. ಎರಡೂ ಆಕೆಯ ಪರದೆಯಲ್ಲೇ ಕಾಣುತ್ತವೆ. ನೋಡುವ ಕ್ರಮ ಎಂದೂ ಬದಲಾಗುವುದಿಲ್ಲ, ನಿಂತಲ್ಲಿಂದ ಕೆಳಗೆ ಒಂದು ಸಾಲು. ಆಕೆ ಹೇಳಿದ್ದೇ ಸರಿ ಇತ್ತು. ಮೂರನೇ ದಿನ ಸಾಲಿನ ಸಂಖ್ಯೆಯಿಂದ ಒಂದು ಕಳೆಯುವ ಆಜ್ಞೆ ಬರೆದೆ. ಏನೂ ಹೇಳದೆ ಆಕೆಯ ಯಂತ್ರದಲ್ಲಿ ಹಾಕಿಟ್ಟೆ. ಆ ಸಂಜೆಯ ಚಹಾಕ್ಕೆ ಎರಡು ಚಮಚ ಸಕ್ಕರೆ ಹೆಚ್ಚಿತ್ತು.

ದೇವೀಂದ್ರಪ್ಪನವರು ಎಲ್ಲ ಕೇಳಿಸಿಕೊಂಡು ಎರಡು ಮಾತು ಹೇಳಿದರು. "ಇಪ್ಪತ್ತೂ ಕಂಪ್ಯೂಟರಿಗೆ ಹಾಕ್ರಿ, ಎಲ್ಲರಿಗೂ ಒಂದೇ ಇರಬೇಕು. ಮತ್ತ ಪರೀಕ್ಷಾ ದಿನ ನೀವು ಲ್ಯಾಬಿನಾಗ ಕಾಲಿಡಬ್ಯಾಡ್ರಿ. ಒಳಗಿದ್ದವರಿಗೆ ನೀವು ಒಂದು ಮಾತು ಹೇಳಿದ್ರೂ ಅವರ ಪರೀಕ್ಷಾ ರದ್ದು." ನ್ಯಾಯವಾದ ಮಾತು. ಒಪ್ಪಿಕೊಂಡೆ.

ಪರೀಕ್ಷೆಯ ದಿನ ಗಾಡಿ ಇಪ್ಪತ್ತು ನಿಮಿಷ ತಡ. ಎದುರಿನ ಸೀಟಿನಲ್ಲಿ ಸೇಡಂನಿಂದ ಬಂದ ಒಬ್ಬ ಹೆಂಗಸು ಕೂತಿದ್ದರು. ಅವರ ಮುಂದೆ ರೈಲ್ವೆಯವರ ಜನ್ಮ ಜಾಲಾಡಿದೆ. ಅವರು ತಾಳ್ಮೆಯಿಂದ ಕೇಳಿದರು. ವಾಡಿಯಲ್ಲಿ ಇಳಿದು, ಒಂದೇ ಆಟೋದಲ್ಲಿ ಕೂತು, ಒಂದೇ ಗೇಟಿನಲ್ಲಿ ಇಬ್ಬರೂ ಇಳಿದಾಗ ತಿಳಿಯಿತು, ಅವರೇ ಪರೀಕ್ಷಕಿ ಜಗದೇವಿ ಮೇಡಂ ಎಂದು.

ಹತ್ತೂವರೆಗೆ ಬಾಗಿಲು ಹಾಕಿದರು. ಎರಡು ಗಂಟೆಯ ಪರೀಕ್ಷೆ. ಯಾರಿಗೆ ಯಾವ ಯಂತ್ರವೆಂದು ಚೀಟಿ ಎತ್ತಿದ್ದರು, ಸಾಬಮ್ಮನಿಗೆ ಏಳನೆಯದು ಬಂದಿತ್ತು. ವರಾಂಡದ ಕಡೆಯ ಕಿಟಕಿಯ ಪಕ್ಕದ್ದು. ಇಪ್ಪತ್ತು ಅಂಕಿಗಳನ್ನು ಓದಿಕೊಂಡು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸುವ ಪ್ರೋಗ್ರಾಮು ಬರೆಯಬೇಕಿತ್ತು. ಎಲ್ಲಿಯೂ ಹೋಗಲು ಮನಸ್ಸಾಗದೆ ನಾನು ಬಾಗಿಲ ಹೊರಗಿನ ಸ್ಟೂಲಿನ ಮೇಲೆ ಕೂತೆ. ಸಾಬಮ್ಮನ ಸ್ಟೂಲು.

ಹನ್ನೊಂದು ವರ್ಷದಲ್ಲಿ ನಾನು ಅದರ ಮೇಲೆ ಒಮ್ಮೆಯೂ ಕೂತಿರಲಿಲ್ಲ. ಒಂದು ಕಾಲು ಗಿಡ್ಡ. ಎಡಕ್ಕೆ ಭಾರ ಹಾಕಿ ಕೂಡದಿದ್ದರೆ ಓಲಾಡುತ್ತದೆ. ಅಲ್ಲಿಂದ ಒಳಗಿನ ಬೋರ್ಡು ಕಾಣುವುದಿಲ್ಲ, ದನಿ ಮಾತ್ರ ಕೇಳುತ್ತದೆ. ನಾನು ಬೋರ್ಡಿನ ಮೇಲೆ ಬರೆದು "ಇದನ್ನ ನೋಡ್ರಿ" ಎಂದಾಗಲೆಲ್ಲ ಈಕೆ ನೋಡದೆಯೇ ಕಲಿತಿದ್ದಾಳೆ. ನನಗೆ ನಾಚಿಕೆಯಾಯಿತು. ಆ ಸ್ಟೂಲಿನ ಕಾಲಿಗೆ ಒಂದು ಮರದ ತುಂಡು ಹಚ್ಚಿಸಲಿಕ್ಕೂ ನನಗೆ ಇಷ್ಟು ವರ್ಷದಲ್ಲಿ ತೋಚಿರಲಿಲ್ಲ.

ಸುಮ್ಮನೆ ಕೂತವನ ತಲೆ ಸುಮ್ಮನಿರುವುದಿಲ್ಲ. ನಾನು ಬರೆದ ಆಜ್ಞೆಯನ್ನು ಮನಸ್ಸಿನಲ್ಲೇ ಓದುತ್ತ ಹೋದೆ. ಸಾಲಿನ ಸಂಖ್ಯೆ ತೆಗೆದುಕೋ, ಒಂದು ಕಳೆ, ಅಲ್ಲಿಗೆ ಜಿಗಿ. ಮೂವತ್ತೇಳಾದರೆ ಮೂವತ್ತಾರು. ಎರಡಾದರೆ ಒಂದು. ಒಂದಾದರೆ?

ಒಂದಾದರೆ ಸೊನ್ನೆ. ಸೊನ್ನೆಯ ಸಾಲು ಯಾವ ಕಡತದಲ್ಲೂ ಇಲ್ಲ. ಸೊನ್ನೆ ಕೊಟ್ಟರೆ ಈ ಎಡಿಟರ್ ಏನು ಮಾಡುತ್ತದೆಂದು ನಾನು ಒಮ್ಮೆಯೂ ಪರೀಕ್ಷಿಸಿರಲಿಲ್ಲ. ಆಮೇಲೆ ಸಮಾಧಾನ ಮಾಡಿಕೊಂಡೆ. ಮೊದಲ ಸಾಲು ಎಲ್ಲ ಪ್ರೋಗ್ರಾಮಿನಲ್ಲೂ ಒಂದೇ, ಬೇಕಾದ ಕಡತವನ್ನು ಸೇರಿಸಿಕೋ ಎನ್ನುವ ಸಾಲು. ನಿದ್ದೆಯಲ್ಲೂ ಬರೆಯುವಂಥದ್ದು. ಅಲ್ಲಿ ಯಾರು ತಪ್ಪುತ್ತಾರೆ?

ಹನ್ನೊಂದೂವರೆ ದಾಟಿತ್ತು. ಎದ್ದು ಕಿಟಕಿಯ ಗಾಜಿನಿಂದ ಇಣುಕಿದೆ. ಸಾಬಮ್ಮ ಬರೆದು ಮುಗಿಸಿದ್ದಳು. ದೊಡ್ಡ ಅಕ್ಷರವಾದ್ದರಿಂದ ಪರದೆ ನನಗೂ ಕಾಣುತ್ತಿತ್ತು. ಎಫ್8 ಒತ್ತಿದಳು. ಕರ್ಸರ್ ಒಮ್ಮೆಗೇ ಪ್ರೋಗ್ರಾಮಿನ ಕಟ್ಟಕಡೆಯ ಸಾಲಿಗೆ, ಮುಚ್ಚುವ ಆವರಣ ಚಿಹ್ನೆಯ ಮೇಲೆ ಹೋಗಿ ನಿಂತಿತು.

ಕೊನೆಯ ಸಾಲಿನಲ್ಲಿ ತಪ್ಪೇನೂ ಇರಲಿಲ್ಲ. ಸೊನ್ನೆ ಕೊಟ್ಟರೆ ಈ ದರಿದ್ರ ಎಡಿಟರ್ ಕೊನೆಗೆ ಹೋಗುತ್ತದೆ. ಅಂದರೆ ತಪ್ಪಿರುವುದು ಮೊದಲ ಸಾಲಿನಲ್ಲಿ. ಪ್ರಪಂಚದಲ್ಲಿ ಇದು ಗೊತ್ತಿದ್ದವನು ನಾನೊಬ್ಬನೇ, ನಾನು ಹೊರಗಿದ್ದೆ.

ಸಾಬಮ್ಮ ಕೊನೆಯ ಸಾಲನ್ನು ದಿಟ್ಟಿಸಿದಳು. ಕೆಳಗೆ ನೋಡಿದಳು, ಕೆಳಗೆ ಖಾಲಿ. ಮತ್ತೆ ಎಫ್8 ಒತ್ತಿದಳು, ಅದೇ ಜಾಗ. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು. ಬೇಕಿದ್ದರೆ ತಪ್ಪಿನ ಸಂದೇಶ ಓದಬಹುದಿತ್ತು, ಆದರೆ ದೊಡ್ಡ ಅಕ್ಷರದಲ್ಲಿ ಕಡತದ ಉದ್ದ ವಿಳಾಸವೇ ಕೆಳಗಿನ ಪಟ್ಟಿಯ ಅಗಲವನ್ನೆಲ್ಲ ನುಂಗಿ, ಸಂಖ್ಯೆ, ತಪ್ಪು ಎರಡೂ ಪರದೆಯ ಆಚೆ ಹೋಗಿಬಿಡುತ್ತಿದ್ದವು. ಒಂದು ಮಾತು ಸಾಕಿತ್ತು. ಮೊದಲ ಸಾಲು. ಬಾಗಿಲಿನ ಚಿಲಕಕ್ಕೆ ಕೈ ಹಾಕಿಯೇ ಬಿಟ್ಟೆ.

"ದೇವಾನಂದ" ಎಂದಿತು ಹಿಂದಿನಿಂದ ಒಂದು ದನಿ. ವರಾಂಡದ ಆ ತುದಿಯಲ್ಲಿ ದೇವೀಂದ್ರಪ್ಪನವರು ನಿಂತಿದ್ದರು. "ಕುಂದ್ರಿ."

ಕೂತೆ. ನನ್ನ ಒಂದು ಮಾತು ಆಕೆಯ ಮೂರನೇ ಅವಕಾಶವನ್ನು ಉಳಿಸುವುದಿಲ್ಲ, ಕೊಲ್ಲುತ್ತದೆ. ನಾನು ಇಷ್ಟು ವರ್ಷ ಯಾರ ಯಾರ ಮೇಲೋ ಕೂಗಾಡಿದ್ದೇನೆ. ಅವತ್ತು ಆ ಓಲಾಡುವ ಸ್ಟೂಲಿನ ಮೇಲೆ ನನಗೆ ನನ್ನ ಮೇಲೆ ಬಂದಷ್ಟು ಸಿಟ್ಟು ಬೇರೆ ಯಾರ ಮೇಲೂ ಬಂದದ್ದಿಲ್ಲ. ಕಿಟಕಿ ಕಡೆ ನೋಡಲು ಧೈರ್ಯ ಬರಲಿಲ್ಲ. ಆದರೂ ಎದ್ದು ನೋಡಿದೆ.

ಸಾಬಮ್ಮ ತಲೆ ಒಂದು ಕಡೆ ವಾಲಿಸಿ ಯೋಚಿಸುತ್ತಿದ್ದಳು. ಬಲಗೈ ಬೆರಳಿನ ಗೆಣ್ಣು ಮೇಜಿನ ಮೇಲೆ ಸಣ್ಣಗೆ ಬಡಿಯುತ್ತಿತ್ತು. ಆಮೇಲೆ ಒಂದು ಸಣ್ಣ ನಗು ಬಂತು. ಗಡಿಬಿಡಿಯಿಲ್ಲದೆ ಪ್ರೋಗ್ರಾಮಿನ ತುತ್ತತುದಿಗೆ ಹೋದಳು, ನೇರ ಮೊದಲ ಸಾಲಿಗೆ. ಆ ಸಾಲಿನ ಕೊನೆಯಲ್ಲಿ ಮುಚ್ಚುವ ಬಾಣದ ಗುರುತು ಇರಬೇಕು, ಇರಲಿಲ್ಲ. ಆಕೆ ಅದನ್ನು ಬರೆಯದೆ ಬಿಟ್ಟದ್ದಲ್ಲ, ಕೀ ಸಿಮೆಂಟಿನ ಧೂಳಿಗೆ ಕಚ್ಚಿಕೊಂಡಿತ್ತು. ಸೆರಗಿನ ತುದಿಯಿಂದ ಆ ಕೀಯ ಸುತ್ತ ಒರೆಸಿದಳು. ಒತ್ತಿದಳು, ಬರಲಿಲ್ಲ. ಮತ್ತೊಮ್ಮೆ ಜೋರಾಗಿ ಒತ್ತಿದಳು. ಬಾಣ ಮೂಡಿತು.

ಆಮೇಲಿನ ಎರಡು ತಪ್ಪುಗಳನ್ನು ಎಫ್8 ಸರಿಯಾಗಿ ಹಿಡಿದುಕೊಟ್ಟಿತು. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಪರದೆಯ ಮೇಲೆ ಇಪ್ಪತ್ತು ಅಂಕಿಗಳು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಂತವು. ಜಗದೇವಿ ಮೇಡಂ ಬಗ್ಗಿ ನೋಡಿ, ಬೇರೆ ಅಂಕಿಗಳನ್ನು ತಾವೇ ಕೊಟ್ಟು ನೋಡಿ, ತಮ್ಮ ಹಾಳೆಯಲ್ಲಿ ಏನೋ ಬರೆದುಕೊಂಡರು. ನಾನು ಗೋಡೆಗೆ ತಲೆ ಆನಿಸಿ ಅತ್ತೆ. ದೇವೀಂದ್ರಪ್ಪನವರು ಅದನ್ನು ನೋಡದವರಂತೆ ತಮ್ಮ ಕೋಣೆಗೆ ಹೋದರು. ಅದಕ್ಕೆ ಅವರಿಗೆ ಇವತ್ತಿಗೂ ಋಣಿ.

ಎರಡು ವಾರದ ಮೇಲೆ ಒಂದು ಸೋಮವಾರ ಸಾಬಮ್ಮನಿಗೆ ಆದೇಶ ಬಂತು. ನಾಲ್ಕು ಗಂಟೆಗೆ ವಿದ್ಯಾರ್ಥಿಗಳೆಲ್ಲ ಹೋದ ಮೇಲೆ ಆಕೆ ಒಳಗಿನ ಕುರ್ಚಿಯ ಮುಂದೆ ನಿಂತು, ರೂಢಿಯಂತೆ ಅದನ್ನು ಬಟ್ಟೆಯಿಂದ ಒರೆಸತೊಡಗಿದಳು.

"ಕುಂದ್ರಕ್ಕ. ಇನ್ನ ಅದನ್ನ ಒರಸೂದು ನಿನ ಕೆಲಸ ಅಲ್ಲ" ಎಂದೆ.

ಕೂತಳು. ಎರಡೂ ಕೈಗಳನ್ನು ಕುರ್ಚಿಯ ಕೈಗಳ ಮೇಲೆ ಇಟ್ಟು ಒಮ್ಮೆ ಹಿಂದಕ್ಕೆ ಒರಗಿ ನೋಡಿದಳು. ನಾನು ಹೊರಗಿನ ಸ್ಟೂಲು ಒಳಗೆ ತಂದು ಆಕೆಯ ಎದುರಿಗೆ ಹಾಕಿಕೊಂಡು ಕೂತೆ.

"ಸರ, ನಿಮಗೊಂದು ಮಾತು ಹೇಳ್ಬೇಕು" ಎಂದಳು. "ಅವತ್ತು ನಾ ಖಣಿದು ಹೇಳ್ವಾಗ ನೀವು ಸಾಕು ಸಾಕು ಅಂದ್ರಿ. ನನಗ ಭಾಳ ಬ್ಯಾಸರಾಗಿತ್ತು. ಪರೀಕ್ಷಾದಾಗ ಅದು ಕೊನೀ ಸಾಲಿಗೆ ಹೋಗಿ ನಿಂತಾಗ ತಿಳೀತು, ನೀವು ಎಲ್ಲಾ ಕೇಳಿಸ್ಕೊಂಡಿದ್ರಿ ಅಂತ."

"ಏನು ಕೇಳಿಸ್ಕೊಂಡಿದ್ದೆ?"

"ಅದೇ, ಸೀಳು ಕಲ್ಲಿನ ಅಂಚಿನಾಗೇ ಇದ್ರ ಒಂದು ಗೇಣು ಮೊದಲ ಅನ್ನಾಕ ಜಾಗಾ ಎಲ್ಲಿ ಅದ? ಅದಕ್ಕ ಗೆರಿ ಆಚೀ ಅಂಚಿಗೆ ಎಳೀತಿದ್ವಿ. ಆಚೀ ತುದೀಗೆ ಗೆರಿ ಕಂಡ್ರ ಕಡಿಯಾವ ಕಲ್ಲು ತಿರುವಿ ಈಚೀ ಅಂಚು ನೋಡ್ತಿದ್ದ. ನೀವು ಅದನ್ನೂ ಬಿಡದೆ ಹಾಕೀರಿ. ಕುಂತಲ್ಲೇ ಕಣ್ಣಾಗ ನೀರು ಬಂತು ನನಗ. ಸರ ಬೈತಾರ, ಆದ್ರ ಕೇಳಿಸ್ಕೋತಾರ ಅಂತ."

ಸುಮ್ಮನೆ ಹೂಂ ಎಂದಿದ್ದರೆ ಆಗುತ್ತಿತ್ತು. ಆಕೆಯ ಮುಖದಲ್ಲಿದ್ದ ಆ ಖುಷಿ ಹಾಗೇ ಉಳಿಯುತ್ತಿತ್ತು, ನನ್ನ ಮರ್ಯಾದೆಯೂ ಉಳಿಯುತ್ತಿತ್ತು.

"ನಾ ಕೇಳಿಸ್ಕೊಂಡಿರಲಿಲ್ಲ ಅಕ್ಕ" ಎಂದೆ. "ಅದು ನಾ ಹಾಕಿದ್ದಲ್ಲ. ಒಂದರಾಗ ಒಂದು ಕಳೆದ್ರ ಸೊನ್ನಿ ಬರ್ತದ ಅನ್ನೂದು ಮರತಿದ್ದೆ. ಅದು ನನ ತಪ್ಪು. ಅಂಚಿನ ಮಾತು ನಿನಗ ಪೂರಾ ಹೇಳಾಕ ಬಿಟ್ಟಿದ್ರ ನನಗ ಆಗೇ ನೆನಪಾಗ್ತಿತ್ತು."

ಸಾಬಮ್ಮ ನನ್ನನ್ನೇ ನೋಡಿದಳು. ಆಮೇಲೆ ನಗಲು ಶುರು ಮಾಡಿದಳು. ಕನ್ನಡಕ ತೆಗೆದು, ಸೆರಗಿನಿಂದ ಕಣ್ಣೊರೆಸಿಕೊಂಡು, ಮತ್ತೆ ನಕ್ಕಳು. ನಾನೂ ನಕ್ಕೆ. ನಗು ನಿಂತ ಮೇಲೆ ಕೇಳಿದೆ, ಆ ಒಂದು ಗೇಣಿಗಾಗಿ ಎರಡು ದಿನ ಮಾತು ಬಿಟ್ಟದ್ದೇಕೆ ಎಂದು.

ಆಕೆ ಕನ್ನಡಕ ಮಡಿಲಲ್ಲೇ ಇಟ್ಟುಕೊಂಡಿದ್ದಳು.

"ಖಣಿಯಾಗ ಒಂದಿನ ಲಾರಿ ಬಂದು ನಿಂತಿತ್ತು ಸರ, ಜಲ್ದಿ ಇತ್ತು. ಒಂದು ಕಲ್ಲಿಗೆ ನಾ ಗೇಣು ಬಿಡದೆ ಸೀಳಿನ ಮ್ಯಾಲೇ ಗೆರಿ ಎಳದೆ. ಕಡಿಯಾಕ ಕುಂತಾವ ನನ ಗಂಡ, ಭಗವಂತ ಅಂತ ಹೆಸರು. ಅವ ಗೆರಿ ನಂಬಿ ಉಳಿ ಇಟ್ಟ, ಹೊಡದ. ನಾ ಮುಂದೇ ನಿಂತಿದ್ದೆ." ಬೆರಳು ಬಲಗಣ್ಣಿನ ಕಡೆ ಹೋಗಿ ಅರ್ಧಕ್ಕೆ ಇಳಿಯಿತು. "ಆ ದಿನದಿಂದ ಅವ ಉಳಿ ಮುಟ್ಟಿಲ್ಲ. ಆಡು ಕಾಯ್ತಾನ. ಇಪ್ಪತ್ತೊಂದು ವರ್ಷ ಆತು, ತಾನೇ ನನ ಕಣ್ಣು ಕಳದೆ ಅಂತಾನ. ತಪ್ಪು ನನ ಗೆರೀದು, ನಿನ ಪೆಟ್ಟಿಂದಲ್ಲ ಅಂತ ಎಷ್ಟ್ ಸಲ ಹೇಳೀನಿ. ಕೇಳಂಗಿಲ್ಲ. ತಪ್ಪು ಗೊತ್ತಾದ ಜಾಗಾ ಒಂದೇ ಕಾಣ್ತದ ಅವನಿಗೆ. ಒಂದು ಸಾಲು ಮ್ಯಾಲ ನೋಡು ಅಂದ್ರ ನೋಡಂಗಿಲ್ಲ."

"ಐತವಾರ ನಾ ರಾವೂರಿಗೆ ಬರ್ತೀನಿ ಅಕ್ಕ, ಅವರಿಗೆ ನಾ ಹೇಳ್ತೀನಿ" ಎಂದೆ.

"ಬರ್ರಿ, ರೊಟ್ಟಿ ಉಣ್ಣಾಕ ಬರ್ರಿ" ಎಂದಳು ಸಾಬಮ್ಮ, ಕನ್ನಡಕ ಹಾಕಿಕೊಳ್ಳುತ್ತ. "ಆದ್ರ ಹೇಳಾಕ ಬ್ಯಾಡ್ರಿ. ಹೇಳಾವ್ರು ಭಾಳ ಮಂದಿ ಬಂದು ಹೋಗ್ಯಾರ. ಅವ ಏನು ಹೇಳ್ತಾನ, ಅಷ್ಟು ಪೂರಾ ಕೇಳ್ರಿ. ಸಾಕು ಸಾಕು ಅನ್ನಬ್ಯಾಡ್ರಿ."

ನಾನು ಹತ್ತಬೇಕಿದ್ದ ಐದರ ಗಾಡಿ ಸಿಳ್ಳೆ ಹಾಕಿ ಚಿತ್ತಾಪುರದ ಕಡೆ ಹೊರಟಿತು. ಅವತ್ತು ಅದು ಹೊತ್ತಿಗೆ ಸರಿಯಾಗಿ ಬಂದಿತ್ತು. ನಾನು ಎಡಕ್ಕೆ ಭಾರ ಹಾಕಿ, ಸ್ಟೂಲು ಓಲಾಡದಂತೆ ಕೂತು, "ಅನ್ನಂಗಿಲ್ಲ" ಎಂದೆ.